ಬೂಟು ತಿನ್ನುವ ಸೈಕಲ್ಲು

ಟೈಲರಮ್ಮನ ಕೈಹಿಡಿತಕ್ಕೆ ಬೀದಿಯಲ್ಲೆಲ್ಲ ಹೆಸರಿತ್ತು. ದಪ್ಪ ಬಟ್ಟೆಯ ಮೇಲೆ ದಿನವಿಡೀ ಕತ್ತರಿ ಆಡಿಸಿದ ಕೈ. ಯಾರ ಮನೆಯ ಡಬ್ಬಿಯ ಮುಚ್ಚಳ ಕಚ್ಚಿಕೊಂಡರೂ ಅವಳಿಗೇ ಕರೆ ಬರುತ್ತಿತ್ತು. ಮಗಳ ಸೈಕಲ್ಲಿನ ಬ್ರೇಕನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಶಾಲೆಯ ದಾರಿಯಲ್ಲಿ ಇಳಿಜಾರು, ಅದರ ಬುಡದಲ್ಲಿ ಲಾರಿಗಳ ರಸ್ತೆ. ಹೀಗಾಗಿ ಆಗಾಗ ಕೇಬಲ್ಲನ್ನು ಇನ್ನಷ್ಟು ಬಿಗಿದು, ಲಿವರ್ ಹಿಡಿದು ನೋಡುವಳು. ಚಕ್ರ ಗಕ್ಕನೆ ನಿಲ್ಲುವುದು. "ಆನೆ ತಳ್ಳಿದ್ರೂ ಕದಲಲ್ಲ" ಎಂದು ಕೈ ಒರೆಸಿಕೊಳ್ಳುವಳು.

ಸೈಕಲ್ಲು ಮೊದಲು ಮಗಳ ದೊಡ್ಡಮ್ಮನ ಮಗನದು. ಅವನಿಗೆ ಚಿಕ್ಕದಾದದ್ದು ಇವಳಿಗೆ ದೊಡ್ಡದೇ ಆಗಿತ್ತು. "ಕೈಲಾಗಲ್ಲ ಅಂದ್ರೆ ಅವತ್ತೇ ವಾಪಸ್ಸು" ಎಂದು ತಾಯಿ ತಂದ ದಿನವೇ ಹೇಳಿಬಿಟ್ಟಿದ್ದಳು.

ಈ ನಡುವೆ ಹುಡುಗಿಯ ಬೂಟುಗಳು ಸವೆಯತೊಡಗಿದವು.

"ಮೊನ್ನೆ ಮೊನ್ನೆ ತಂದಿದ್ದು ಕಣೇ! ನೀನೇನು ಬೂಟು ಹಾಕ್ಕೋತೀಯೋ, ತಿಂತೀಯೋ?"

"ಬೆಳೆಯೋ ಮಗು, ಹಸಿವು ಜಾಸ್ತಿ" ಎಂದಳು ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅಜ್ಜಿ. ಹುಡುಗಿ ನಗಲಿಲ್ಲ.

ತಾಯಿ ಬೂಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಿಮ್ಮಡಿ ಹೊಸದರಂತಿತ್ತು, ತುದಿಯ ಅಟ್ಟೆ ಮಾತ್ರ ಅರ ಹಾಕಿ ಉಜ್ಜಿದಂತೆ ಹೋಗಿತ್ತು. ಬಟ್ಟೆ ಸವೆದದ್ದು ನೋಡಿಯೇ ಉಟ್ಟವರ ನಡಿಗೆ ಹೇಳುವವಳು ಅವಳು. ಬೂಟನ್ನು ನೆಲಕ್ಕೆ ಉಜ್ಜಿ ಸೈಕಲ್ಲು ನಿಲ್ಲಿಸಿದ್ದೆಂದು ತಿಳಿಯಲು ಹೊತ್ತು ಹಿಡಿಯಲಿಲ್ಲ.

"ಸೈಕಲ್ ಹತ್ತು. ಬ್ರೇಕ್ ಹಿಡಿ, ನೋಡೋಣ."

ಮಗಳ ಬೆರಳ ತುದಿ ಲಿವರನ್ನು ತಾಕಿತು, ಅಷ್ಟೇ. ಬಿಗಿದ ಕೇಬಲ್ಲು ಜಗ್ಗಲಿಲ್ಲ. ತಾಯಿ ಹಿಂದಿನಿಂದ ತಳ್ಳಿದಳು. ಆನೆ ಬೇಕಾಗಲಿಲ್ಲ, ಸೈಕಲ್ಲು ಸಲೀಸಾಗಿ ಮುಂದೆ ಹೋಯಿತು.

"ಯಾಕೇ ಹೇಳ್ಲಿಲ್ಲ?"

"ವಾಪಸ್ ಕೊಡ್ತೀನಿ ಅಂದಿದ್ಯಲ್ಲಮ್ಮ."

"ಅದಕ್ಕೆ ಲಾರಿ ಮುಂದೆ ಕಾಲು ಉಜ್ಕೊಂಡು ಹೋಗೋದಾ?"

"ಆಮೇಲೆ ಬೈಯುವೆಯಂತೆ" ಎಂದಳು ಅಜ್ಜಿ, ದಾರ ಕಚ್ಚಿ ಹರಿಯುತ್ತ. "ಗಿರಾಕಿ ಅಳತೆ ಬಿಟ್ಟು ನಿನ್ನ ಅಳತೆಗೆ ಹೊಲಿದವಳು ನೀನು."

ತಾಯಿ ಸ್ಕ್ರೂಡ್ರೈವರ್ ತಂದಳು. ಲಿವರಿನ ಬುಡದ ಸಣ್ಣ ಸ್ಕ್ರೂ ತಿರುಗಿಸಿದಳು; ಲಿವರು ಹ್ಯಾಂಡಲ್ಲಿಗೆ ಹತ್ತಿರ ಬಂತು. ಕೇಬಲ್ಲು ಸಡಿಲಿಸಿ, ಅದರ ಕೊಳವೆಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಳು. ಪ್ರತಿ ಸಲವೂ "ಈಗ ಹಿಡಿ" ಎಂದಳೇ ಹೊರತು ತಾನು ಹಿಡಿದು ನೋಡಲಿಲ್ಲ. ಕೊನೆಗೆ ಮಗಳ ಎರಡೇ ಬೆರಳಿಗೆ ಚಕ್ರ ನಿಂತಿತು.

ಮರುದಿನ ಬೆಳಿಗ್ಗೆ ತಾಯಿ ಇಳಿಜಾರಿನ ಬುಡದಲ್ಲಿ ಲಾರಿಗಳಿಗೆ ಬೆನ್ನು ಹಾಕಿ ನಿಂತಿದ್ದಳು. ಮಗಳು ಇಳಿದು ಬಂದು ಅವಳ ಮುಂದೆಯೇ ನಿಂತಳು. ನಿಂತಮೇಲೆ ಒಂದು ಕಾಲು ನೆಲಕ್ಕಿಟ್ಟಳು.

"ಹ್ಞೂಂ, ಹೋಗು" ಎಂದಳು ತಾಯಿ. "ಸಂಜೆ ಬಂದು ಬೂಟು ತೋರಿಸು."