ಮೂವತ್ತೊಂದನೇ ಬಿಲ್ಲೆ

ಚಿಕ್ಕಂದಿನಲ್ಲಿ ಅಮ್ಮನ ಪೆಟ್ಟಿಗೆ ತೆರೆದರೆ ಮೊದಲು ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಅದರಡಿಯಲ್ಲಿ ಇನ್ನೊಂದು, ಆಗಷ್ಟೇ ಆಸ್ಪತ್ರೆಯ ನೆಲ ಒರೆಸಿದಂಥ ಕಟು ವಾಸನೆ. ಅದನ್ನೇ ನಾನು ಮದುವೆಯ ವಾಸನೆ ಅಂದುಕೊಂಡಿದ್ದೆ. ಆ ಪೆಟ್ಟಿಗೆಯಲ್ಲಿದ್ದದ್ದು ಮುತ್ತಜ್ಜಿಯ ಚೌರಿ. ಅವಳ ಸ್ವಂತ ಕೂದಲಿನದೇ ಅಂತ ಎಲ್ಲರೂ ಹೇಳುತ್ತಿದ್ದರು. ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ಮದುವೆಯ ದಿನ ಅದನ್ನೇ ಜಡೆಗೆ ಸೇರಿಸಿಕೊಂಡವರು. ಒಂದೇ ಕಟ್ಟಳೆ: ಬುಡಕ್ಕೆ ಸುತ್ತಿದ ಕಪ್ಪು ದಾರ ಬಿಚ್ಚಕೂಡದು. ಮುತ್ತಜ್ಜನ ಆಜ್ಞೆಯಂತೆ. ದಾರದೊಳಗೆ ಬೆರಳಿಗೆ ಏನೋ ಗಟ್ಟಿಯಾಗಿ ಸಿಗುತ್ತಿತ್ತು. ಮುತ್ತು ಅಂತ ಅಮ್ಮ, ತಾಯಿತ ಅಂತ ಚಿಕ್ಕಮ್ಮ. ಅದನ್ನು ಮುಟ್ಟಿ ಬೇಡಿಕೊಂಡರೆ ನಡೆಯುತ್ತದೆ ಅಂತ ನಂಬಿಕೆ. ನಾನೂ ಬೇಡಿಕೊಂಡವಳೇ.

ಮೊಮ್ಮಗಳ ಮದುವೆಗೆ ಹತ್ತು ದಿನ ಇತ್ತು. ಉಡುಗೊರೆಯಾಗಿ ಮುತ್ತಜ್ಜನ ಬಗ್ಗೆ ನಾಲ್ಕು ಪುಟ ಬರೆದುಕೊಡೋಣ ಅಂತ ಹೊರಟೆ. ಅವರು ಜ್ವರದ ಆಸ್ಪತ್ರೆಯ ಮೇಲ್ವಿಚಾರಕರು. ಬಡವರನ್ನು ಕೈಯಾರೆ ಉಪಚರಿಸಿದ ಕರುಣಾಳು ಅನ್ನುವುದು ನಮ್ಮ ಮನೆಯ ಮಾತು. ಆ ಆಸ್ಪತ್ರೆಯ ಹಳೇ ಪುಸ್ತಕಗಳು ಈಗ ದಾಖಲೆ ಕಚೇರಿಯ ನೆಲಮಾಳಿಗೆಯಲ್ಲಿವೆ. ಅಲ್ಲಿನ ಗುಮಾಸ್ತರಿಗೆ ಮನಸ್ಸಿನಲ್ಲೇ ಉಶ್ ಸಾಹೇಬರು ಅಂತ ಹೆಸರಿಟ್ಟಿದ್ದೆ. ಯಾರು ಕೆಮ್ಮಿದರೂ "ಉಶ್!"

"ಪೆನ್ನು ಬೇಡ, ಪೆನ್ಸಿಲ್ ಮಾತ್ರ. ನೀರಿಲ್ಲ, ತಿಂಡಿ ಇಲ್ಲ. ಒಂದು ಬಿಸ್ಕತ್ತಿನ ಪುಡಿ ಬಿದ್ರೂ ಇಲಿಗಳು ಸಂಸಾರ ಸಮೇತ ಬರ್ತವೆ, ಅಮ್ಮಾ," ಅಂದರು. ಹಾಗಂದವರೇ, ನಾನು ಕೂರಲು ಪಡುತ್ತಿದ್ದ ಕಷ್ಟ ನೋಡಿ ತಮ್ಮ ಕುರ್ಚಿಯ ದಿಂಬು ತಂದು ಹಾಕಿದರು.

ಮೂರನೆಯ ದಿನ ಒಂದು ಉದ್ದನೆಯ ಪುಸ್ತಕ ಸಿಕ್ಕಿತು. ಮುತ್ತಜ್ಜನದೇ ದುಂಡು ಅಕ್ಷರ. ಬಿಲ್ಲೆ, ವಯಸ್ಸು, ಕಾಯಿಲೆ, ಕೂದಲಿನ ಉದ್ದ, ಯಾರಿಗೆ ಕೊಟ್ಟದ್ದು ಅಂತ ಗೆರೆ ಹೊಡೆದ ಅಂಕಣಗಳು. ಹೆಸರಿಗೆ ಜಾಗವೇ ಇರಲಿಲ್ಲ. ಜ್ವರ ಬಂದವರ ತಲೆ ಬೋಳಿಸುತ್ತಿದ್ದ ಕಾಲ, ಇರಲಿ ಅಂದುಕೊಂಡೆ. ಆದರೆ ಕಾಯಿಲೆಯ ಕೆಳಗೆ ಹಲ್ಲುನೋವು ಅಂತಿತ್ತು. ಕಾಲಿಗೆ ಮುಳ್ಳು ಅಂತಿತ್ತು. ಎಲ್ಲರೂ ಹೆಂಗಸರೇ, ಎಲ್ಲರದೂ ಉದ್ದ ಕೂದಲೇ. ಒಂದೊಂದು ಕಂತೆಗೂ ಒಂದು ತಗಡಿನ ಬಿಲ್ಲೆ ಕಟ್ಟಿ ವಿಗ್ ಮಾಡುವವರ ಅಂಗಡಿಗೆ ಮಾರಿದ್ದರು. ಪುಟ ಮಗುಚಿದೆ.

"ಬಿಲ್ಲೆ ಮೂವತ್ತೊಂದು. ವಯಸ್ಸು ಹನ್ನೊಂದು. ಮುಂಗೈ ಮುರಿದಿದೆ. ಮೂವತ್ತು ಇಂಚು. ಬಹಳ ಕೂಗಾಡಿದಳು, ಹಿಡಿಯಲು ಇಬ್ಬರು ಬೇಕಾಯಿತು. ಉತ್ತಮ ಸರಕು. ಸ್ವಂತ ಮನೆಗೆ ಇಟ್ಟುಕೊಂಡಿದೆ."

ಮನೆಗೆ ಬಂದವಳೇ ಅಮ್ಮನ ಪೆಟ್ಟಿಗೆಯಿಂದ ಚೌರಿ ತೆಗೆದು, ಕತ್ತರಿ ತಗೊಂಡು ಆ ಕಪ್ಪು ದಾರ ಕತ್ತರಿಸಿದೆ. ತುಕ್ಕು ಹಿಡಿದ ತಗಡು ಅಂಗೈಗೆ ಬಿತ್ತು. ಮೂರು, ಒಂದು. ಬಚ್ಚಲಿಗೆ ಓಡಿ ಕಾರಿಕೊಂಡೆ. ಮೂರು ಸಲ ತಲೆಗೆ ಸ್ನಾನ ಮಾಡಿದೆ. ಐವತ್ತು ವರ್ಷದ ಹಿಂದೆ ಒಂದು ದಿನ ಮುಡಿದದ್ದು ಈಗಲೂ ನೆತ್ತಿಯ ಮೇಲೆ ಹರಿದಾಡುತ್ತಿತ್ತು. ಊಟಕ್ಕೆ ಕೂತರೆ ಪ್ರತಿ ತುತ್ತಿನಲ್ಲೂ ನಾಲಿಗೆಗೆ ಕೂದಲು ಸಿಕ್ಕ ಹಾಗೆ. ತಟ್ಟೆ ಸರಿಸಿದೆ.

"ಯಾರಿಗೂ ಹೇಳ್ಬೇಡ ಕಣೇ ಅಕ್ಕ," ಅಂದಳು, ಸಂಜೆ ಮನೆಗೆ ಬಂದು ಎಲ್ಲ ಕೇಳಿಸಿಕೊಂಡ ತಂಗಿ. "ಯಾವ ಕಾಲದ್ದೋ ಏನೋ. ದಾರ ಮತ್ತೆ ಸುತ್ತಿಬಿಡು."

"ಹನ್ನೊಂದು ವರ್ಷದ ಮಗು ಕಣೇ. ಕೈ ಮುರಿದಿತ್ತು."

"ಸರಿ, ಹಾಗಂತ ಹುಡುಗಿಯ ಸಂಭ್ರಮಕ್ಕೆ ಕಲ್ಲು ಹಾಕ್ತೀಯಾ? ಕಾಲೇಜು ಓದಿದ್ದು ಇದಕ್ಕೇನಾ?" ಹಾಗೆ ಗದರಿಸುತ್ತಲೇ ಅವಳ ಕೈ ತಂತಾನೇ ಅವಳ ಹಿಂಗತ್ತನ್ನು ಕೆರೆಯುತ್ತಿತ್ತು.

ಮಾರನೆಯ ದಿನ ಮೊಮ್ಮಗಳು ಬಂದು ಕನ್ನಡಿಯ ಮುಂದೆ ನನಗೆ ಬೆನ್ನು ಕೊಟ್ಟು ಕೂತಳು. "ಸೇರಿಸಿ ನೋಡು ಅಜ್ಜಿ, ಬಣ್ಣ ಹೊಂದುತ್ತಾ?"

ಪೆಟ್ಟಿಗೆ ತೆರೆದೆ. ಆ ವಾಸನೆ ಬಂತು. ಬಾಯಿ ಮುಚ್ಚಿಕೊಂಡು ಹೆಣೆದುಬಿಟ್ಟರೆ ಮುಗಿಯಿತು, ಅವಳು ನಗುನಗುತ್ತ ಹೋಗುತ್ತಾಳೆ. ಕೈ ಮುಂದೆ ಹೋಗಲಿಲ್ಲ. ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟು ಎಲ್ಲ ಹೇಳಿದೆ.

"ಆ ಹುಡುಗಿ ಆಮೇಲೆ ಏನಾದಳು?"

"ಬರೆದಿಲ್ಲ. ಅವನಿಗೆ ಬೇಕಾಗಿದ್ದು ಇಂಚು ಮಾತ್ರ." ಮುತ್ತಜ್ಜನನ್ನು ಏಕವಚನದಲ್ಲಿ ಕರೆದದ್ದು ನನಗೆ ಆಮೇಲೆ ಗೊತ್ತಾಯಿತು.

"ಥೂ!" ಅವಳು ಕೈಯನ್ನು ಬಟ್ಟೆಗೆ ತಿಕ್ಕಿ ತಿಕ್ಕಿ ಒರೆಸಿಕೊಂಡಳು. ಕಣ್ಣು ಕೆಂಪಾಗಿತ್ತು. ತನ್ನ ಜಡೆಯನ್ನು ಮುಂದಕ್ಕೆಳೆದು ನೋಡಿ, "ನನ್ನ ಜಡೆ ಇಲಿಬಾಲದಷ್ಟೇ ಇರಲಿ ಬಿಡು ಅಜ್ಜಿ. ನನ್ನದಾದ್ರೂ ಹೌದಲ್ಲ," ಅಂದಳು. "ಇದನ್ನ ಮನೇಲಿ ಇಟ್ಕೋಬೇಡ. ಆದ್ರೆ ಎಸೀಬೇಡ."

ಮರುದಿನ ಚೌರಿಯನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ದಾಖಲೆ ಕಚೇರಿಗೆ ತಗೊಂಡು ಹೋದೆ. ಉಶ್ ಸಾಹೇಬರು ಬಿಲ್ಲೆಯನ್ನೂ ಪುಸ್ತಕದ ಆ ಸಾಲನ್ನೂ ಹೊಂದಿಸಿ ನೋಡಿದರು. ಕನ್ನಡಕ ತೆಗೆದು ಒರೆಸಿದರು. ಒಂದು ಚೀಟಿ ತಗೊಂಡು, "ಕೊಟ್ಟವರು ಅಂತ ಯಾರನ್ನ ಬರೀಲಿ?" ಅಂದರು.

"ಕೊಟ್ಟವರು ಅಂತ ಯಾರೂ ಇಲ್ಲ. ಕಿತ್ತುಕೊಂಡವನ ಮರಿಮಗಳು ವಾಪಸ್ ತಂದಳು ಅಂತ ಬರೀರಿ."

ಹಾಗೇ ಬರೆದರು. ನನಗೆ ಅಳು ಬಂತು, ಜೋರಾಗಿಯೇ ಬಂತು. ಅವರು ಉಶ್ ಅನ್ನಲಿಲ್ಲ.

"ಊಟ ಆಯ್ತಾ ಅಮ್ಮಾ?"

"ಮೂರು ದಿನದಿಂದ ಇಳೀತಿಲ್ಲ."

ಅವರು ಎದ್ದು ಬಾಗಿಲು ಮುಂದೆ ಮಾಡಿ, ಮೇಜಿನ ಖಾನೆಯಿಂದ ತಮ್ಮ ಊಟದ ಡಬ್ಬಿ ತೆಗೆದರು. ಪುಸ್ತಕವನ್ನು ದೂರ ಸರಿಸಿ, ಚಮಚವನ್ನು ಎರಡು ಸಲ ಒರೆಸಿ, ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.