ಮರುಬಳಕೆ ಕೇಂದ್ರದ ಗ್ರೈಂಡರ್

"ಅದಕ್ಕೆ ಬೆಲ್ಟ್ ಒಂದೇ ಹೋಗಿರೋದು. ರಿಪೇರಿ ಮಲ್ಲೇಶ ನಾಳೆ ಬಂದು ಹಾಕ್ತೀನಿ ಅಂದಿದಾನೆ" ಎಂದು ಸರೋಜಮ್ಮ ಹೇಳುವಷ್ಟರಲ್ಲಿ ಗ್ರೈಂಡರ್ ಹಿತ್ತಿಲ ಬಾಗಿಲು ದಾಟಿ ಆಟೋದೊಳಗೆ ಕೂತಿತ್ತು.

"ಕೆಟ್ಟಿದೆ ತಾನೆ? ಕೆಟ್ಟಿದ್ದನ್ನ ಕೊಡೋಕೇ ಕೇಂದ್ರ ಇರೋದು" ಎಂದ ಅವಳ ಗಂಡ ಷಡಕ್ಷರಿ.

"ಬೆಳಿಗ್ಗೆ ದೋಸೆ ಹಿಟ್ಟಿಗೆ ಬರೋರಿಗೆ ಏನು ಹೇಳ್ಲಿ?"

"ಷಡಕ್ಷರಿ ಹೆಂಡ್ತಿ ಇನ್ಮೇಲೆ ಹಿಟ್ಟು ಮಾರಲ್ಲ ಅಂತ ಹೇಳು. ವರ್ತಕರ ಸಂಘದಲ್ಲಿ ತಲೆ ಎತ್ತಕ್ಕಾಗಲ್ಲ ನಂಗೆ."

ಆ ಹಿಟ್ಟಿನ ದುಡ್ಡಿನಿಂದಾಗಿ ಸರೋಜಮ್ಮ ಕನ್ನಡಕ ಬದಲಿಸುವುದಕ್ಕೆ, ತಂಗಿಯ ಮನೆಗೆ ಹೋಗುವುದಕ್ಕೆ ಅವನ ಮುಖ ನೋಡಬೇಕಿರಲಿಲ್ಲ. ಅವನಿಗೆ ಆಗದೆ ಇದ್ದದ್ದೂ ಅದೇ.

ಮೂಡಿಗೆರೆಯಲ್ಲಿ ಷಡಕ್ಷರಿ ಮಾರುತ್ತಿದ್ದದ್ದು ಉಂಡು ಎಸೆಯುವ ತಟ್ಟೆ, ಕುಡಿದು ಎಸೆಯುವ ಲೋಟ. ಅವನ ವ್ಯಾಪಾರ ಹೇಗೆ ನಡೆದಿದೆಯೆಂದು ಅಂಗಡಿಗೆ ಹೋಗಿ ನೋಡಬೇಕಿರಲಿಲ್ಲ, ಕಲ್ಯಾಣ ಮಂಟಪದ ಹಿಂದಿನ ಚರಂಡಿ ನೋಡಿದರೆ ಸಾಕಿತ್ತು. ಊರಿನ ಕಸ ಕಡಿಮೆಯಾಗಲಿ ಎಂದು ಮರುಬಳಕೆ ಕೇಂದ್ರ ಮಂಜೂರಾದಾಗ ವರ್ತಕರು ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಕಸದ ಅನುಭವ ಅವನಷ್ಟು ಇನ್ಯಾರಿಗಿತ್ತು?

ನಿಯಮ ಸರಳ. ಬೇಡದ್ದನ್ನು ತಂದಿಡಬೇಕು, ರಿಪೇರಿ ಮಾಡಿಸಿ ಇಡುತ್ತಾರೆ, ಬೇಕಾದವರು ಪುಕ್ಕಟೆ ಒಯ್ಯಬಹುದು. ಬಂದದ್ದು ಹಿಡಿಯಿಲ್ಲದ ಬಾಣಲೆ, ಜಿಪ್ ಕಿತ್ತ ಒಂದು ಬ್ಯಾಗು. ಎಸ್ಟೇಟಿನವರು ಹಳೇ ಸ್ವೆಟರು, ಕುಕ್ಕರುಗಳನ್ನು ಎಂದಿನಂತೆ ತಮ್ಮ ಲೈನ್‌ಮನೆಗಳ ಕೂಲಿಯಾಳುಗಳಿಗೇ ಕೊಟ್ಟರು. ಕೊಡುವಾಗ ಎದುರಿಗೊಂದು ತಲೆ ಬಗ್ಗಬೇಕು, ಕೇಂದ್ರದ ಕಪಾಟು ಬಗ್ಗುವುದಿಲ್ಲ. ಉದ್ಘಾಟನೆಯ ಹಿಂದಿನ ದಿನ ಖಾಲಿ ಕಪಾಟು ಕಂಡು ಕಂಗಾಲಾದ ಷಡಕ್ಷರಿ ಹೆಂಡತಿಯ ಅಡುಗೆಮನೆಗೆ ನುಗ್ಗಿದ್ದ.

ಮರುದಿನ ಜಿಲ್ಲೆಯಿಂದ ಬಂದ ಅಧಿಕಾರಿಗೆ ಅವನದೇ ಅಂಗಡಿಯ ಲೋಟದಲ್ಲಿ ಕಾಫಿ ಕೊಟ್ಟಾಯಿತು. ರಿಪೇರಿ ಮಲ್ಲೇಶ ಎಲ್ಲರೆದುರು ವೇದಿಕೆಯ ಮೇಲೆ ಹೊಸ ಬೆಲ್ಟ್ ಹಾಕಿ ಸ್ವಿಚ್ ಒತ್ತಿದ. ಕಲ್ಲು ತಿರುಗಿತು. ಕಲ್ಲು ತಿರುಗುವುದನ್ನು ಜನ್ಮದಲ್ಲಿ ಕಂಡಿಲ್ಲವೆಂಬಂತೆ ಜನ ಚಪ್ಪಾಳೆ ತಟ್ಟಿದರು.

"ಬೇಡ ಅಂತ ನಮ್ಮ ಮನೆಯಿಂದಲೇ ಕೊಟ್ಟಿದ್ದೇವೆ" ಎಂದು ಮೈಕಿನಲ್ಲಿ ಹೇಳಿ ಷಡಕ್ಷರಿ, ಗ್ರೈಂಡರ್ ಪಡೆಯುವ ಫೋಟೋಗೆಂದು ಕರೆಸಿದ್ದ ರಸ್ತೆ ಗುಡಿಸುವ ಪಾಪಮ್ಮನನ್ನು ಮೇಲೆ ಹತ್ತಿಸಿದ.

"ಅಯ್ಯ, ಇದು ಅಕ್ಕೋರ್ದಲ್ವಾ!" ಎಂದಳು ಪಾಪಮ್ಮ. "ನಂಗ್ಯಾಕೆ ಸಾರ್? ಇದ್ರಲ್ಲಿ ರುಬ್ಬಿದ್ ಹಿಟ್ಟು ತರಕ್ಕೇ ಅಲ್ವಾ ನಾನು ನಿಮ್ಮನೆ ಹಿತ್ಲಿಗೆ ಬರದು?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

"ಫೋಟೋ ಆಗೋವರ್ಗೆ ಹಿಡ್ಕೊ ಮಾರಾಯ್ತಿ" ಷಡಕ್ಷರಿ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಹಿಡಿಯಕ್ಕೆ ಸೊಂಟ ಬೇಕಲ್ಲ ಸಾರ್."

ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದ ಸರೋಜಮ್ಮ ಎದ್ದಳು. ಮೆಟ್ಟಿಲು ಹತ್ತಿ, ನಿರೂಪಣೆ ಮಾಡುತ್ತಿದ್ದ ಕೇಂದ್ರದ ಹುಡುಗಿ ಭುವನಾಳ ಬಳಿ ಹೋದಳು.

"ಬೇಕಾದವ್ರು ಯಾರಾದ್ರೂ ಒಯ್ಬಹುದಲ್ವಾ?"

"ಹೌದು ಆಂಟಿ, ಆದ್ರೆ ನೀವು..."

"ನಂಗೆ ಬೇಕು. ಹೆಸರು ಕೂಗು."

ಭುವನಾ ಅಧ್ಯಕ್ಷನ ಮುಖ ನೋಡಿದಳು. ಆ ಮುಖದಲ್ಲಿ ಆ ಹೊತ್ತಿಗೆ ಏನೂ ಇರಲಿಲ್ಲ. ಬಾಯಿಪಾಠ ಮಾಡಿದ್ದ ಸಾಲು ಮೈಕಿನಿಂದ ತಾನಾಗಿ ಹೊರಬಿತ್ತು: "ನಮ್ಮ ಕೇಂದ್ರದ ಮೊದಲ ಫಲಾನುಭವಿ, ಶ್ರೀಮತಿ ಸರೋಜಮ್ಮ ಷಡಕ್ಷರಿ. ದಯವಿಟ್ಟು ಜೋರಾದ ಚಪ್ಪಾಳೆ."

ಹೆಸರಿಗೆ ಕಿವಿಗೊಡದ ಅಧಿಕಾರಿಗೆ ಅವಳು ಯಾರೆಂದು ಹೊಳೆಯಲಿಲ್ಲ. ಮೊದಲು ತಟ್ಟಿದ್ದು ಅವರೇ. ಸಂಘದವರು ಒಬ್ಬರನ್ನೊಬ್ಬರು ನೋಡಿಕೊಂಡು, ಆಮೇಲೆ ತಟ್ಟಿದರು.

"ಆ ಕಡೆ ಹಿಡೀರಿ" ಎಂದಳು ಸರೋಜಮ್ಮ ಗಂಡನಿಗೆ.

ಅಷ್ಟು ಜನರೆದುರು ಆಗುವುದಿಲ್ಲ ಎನ್ನುವುದು ಹೇಗೆ? ಷಡಕ್ಷರಿ ಬಗ್ಗಿ ಹಿಡಿದ. ಇಬ್ಬರೂ ಗ್ರೈಂಡರನ್ನು ಎತ್ತಿಕೊಂಡು, ಅವನು ಮುಂದೆ ಹಿಮ್ಮುಖವಾಗಿ, ಅವಳು ಹಿಂದೆ, ಮೆಟ್ಟಿಲು ಇಳಿಯತೊಡಗಿದರು.

"ಸಾರ್, ಸ್ವಲ್ಪ ಈ ಕಡೆ" ಎಂದ ಫೋಟೋದವನು. ಷಡಕ್ಷರಿ ಅಭ್ಯಾಸಬಲದಿಂದ ಆ ಕಡೆ ತಿರುಗಿ ಹಲ್ಲು ಬಿಟ್ಟ. ಡ್ರಮ್ಮು ವಾಲಿತು. ಕಲ್ಲಿನಡಿ ಉಳಿದಿದ್ದ ಹುಳಿ ವಾಸನೆಯ ಬೆಳ್ಳನೆಯ ನೀರು ಅಂಚು ದಾಟಿ, ಅವನ ಇಸ್ತ್ರಿ ಪಂಚೆಯ ಮೇಲೆ ನಿಧಾನವಾಗಿ ಇಳಿಯಿತು.