ಅರ್ಧ ಇಂಚಿನ ಅಂಚು

ಊರೆಲ್ಲ ಅವನನ್ನು ಕರೆಯುತ್ತಿದ್ದುದು ಲೆವೆಲ್ ಮೇಸ್ತ್ರಿ ಎಂದೇ. ಅವನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಕೂತಿರಬೇಕು. ಕೂದಲೆಳೆಯಷ್ಟು ಏರುಪೇರಾದರೂ ಟೈಲ್ಸ್ ಕಿತ್ತು ಮತ್ತೆ ಕೂರಿಸುವ ಆಸಾಮಿ. ಅದರಲ್ಲೂ ಒಂದು ಕೋಣೆಯ ಮರದ ಹಲಗೆಯ ನೆಲ ಮುಗಿದು ಪಕ್ಕದ್ದರ ಟೈಲ್ಸ್ ಶುರುವಾಗುವ ಜಾಗ ಬಂತೆಂದರೆ ಅವನ ಭಾಷಣ ಕೇಳಬೇಕು.

“ಮರ ಹಿಗ್ಗುತ್ತೆ, ಕುಗ್ಗುತ್ತೆ ಸ್ವಾಮಿ. ಟೈಲ್ಸ್‌ಗೆ ಒತ್ತಿ ಕೂರಿಸಿದ್ರೆ ನಾಳೆ ಎದ್ದು ನಿಲ್ಲುತ್ತೆ. ನಡುವೆ ಸಂದು ಬಿಡ್ಬೇಕು, ಮೇಲೊಂದು ಪಟ್ಟಿ ಹಾಕ್ಬೇಕು. ಒಂದು ಕಡೆ ಎತ್ತರ ಇದ್ರೆ ಇಳಿಜಾರು ಪಟ್ಟಿ. ದಾಟಿದ್ದು ಕಾಲಿಗೆ ಗೊತ್ತೇ ಆಗಬಾರದು!”

ಆದರೆ ದೀಪದ ಬುಡದಲ್ಲೇ ಕತ್ತಲು. ಅವನ ಸ್ವಂತ ಮನೆಯಲ್ಲಿ ಚಿಕ್ಕ ಕೋಣೆಗೆ ಹಲಗೆಯ ನೆಲ, ಹೊರಗಿನ ಹಾಲ್‌ಗೆ ಅದಕ್ಕಿಂತ ಅರ್ಧ ಇಂಚು ಎತ್ತರದ ಟೈಲ್ಸ್. ನಡುವಿನ ಸಂದು ಬಾಯಿ ಬಿಟ್ಟುಕೊಂಡೇ ಇತ್ತು. ಕಾಲ್ಬೆರಳು ಎಡವಿದಾಗಲೆಲ್ಲ ಹೆಂಡತಿ, “ಊರಿಗೆಲ್ಲ ಪಟ್ಟಿ ಹಾಕ್ತೀರಿ, ನಮ್ಮನೆಗೆ ಮಾತ್ರ ಕಾಲ ಕೂಡಿ ಬರಲ್ಲ,” ಎಂದು ಗೊಣಗುತ್ತಿದ್ದಳು.

“ಅಂಗಡಿ ಪಟ್ಟಿ ನಮ್ಮನೆಗೆ ಬೇಡ ಕಣೆ. ಒಳ್ಳೆ ತೇಗದ ತುಂಡು ಸಿಗ್ಲಿ, ನಾನೇ ಹೆರೆದು ಕೂರಿಸ್ತೀನಿ.”

ನಾಲ್ಕು ವರ್ಷವಾದರೂ ತೇಗದ ತುಂಡು ಸಿಗಲಿಲ್ಲ. ಹುಡುಕಿದ್ದರೆ ತಾನೇ ಸಿಗುವುದು!

ಅಷ್ಟರಲ್ಲಿ ಅಕ್ಕ ಬಂದಳು. ಅಕ್ಕ ಅಂದರೆ ಬರೀ ಅಕ್ಕನಲ್ಲ, ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗ ಅದೇ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಇನ್ನು ಮುಂದೆ ಅವಳು ತನ್ನ ಮನೆಯಲ್ಲೇ ಇರಬೇಕು, ದಿನಾ ಒಟ್ಟಿಗೆ ಕೂತು ಉಣ್ಣಬೇಕು ಎಂಬುದೊಂದೇ ಮೇಸ್ತ್ರಿಯ ಆಸೆ. ಬಚ್ಚಲು ಒಳಗೇ ಇದೆಯೆಂದು ಚಿಕ್ಕ ಕೋಣೆಯನ್ನೇ ಬಿಟ್ಟುಕೊಟ್ಟ. ಗಂಡ ಹೆಂಡತಿ ಆಚೀಚೆ ಹಿಡಿದು ಅವಳನ್ನು ಒಳಗೆ ಕರೆದೊಯ್ದರು. ಮುಂದೆ ಎರಡು ಪುಟ್ಟ ಚಕ್ರಗಳಿದ್ದ ಹೊಸ ವಾಕರ್ ಮಂಚದ ಪಕ್ಕ ನಿಂತಿತು. ಅದನ್ನು ಎತ್ತಬಾರದು, ತಳ್ಳಿಕೊಂಡೇ ನಡೆಯಬೇಕು ಎಂದು ಡಾಕ್ಟರು ಒತ್ತಿ ಹೇಳಿದ್ದರು.

ವಾರ ಕಳೆಯಿತು, ಎರಡಾಯಿತು. ಅಕ್ಕ ಕೋಣೆ ಬಿಟ್ಟು ಹೊರಗೆ ಬರಲಿಲ್ಲ.

“ಅಕ್ಕಾ, ಊಟಕ್ಕೆ ಬಾ.”

“ಇಲ್ಲಿಗೇ ಕಳಿಸ್ಬಿಡೋ. ಆರಾಮಾಗಿ ಕೂತಿದೀನಿ.”

ಹೆಂಡತಿ ತಟ್ಟೆ ಒಯ್ದು ಕೊಡುತ್ತಿದ್ದಳು. ಬೆಳಿಗ್ಗೆ ಹೋದರೆ ಸಂಜೆ ಬರುವ ಮೇಸ್ತ್ರಿಗೆ ಕಾಣುತ್ತಿದ್ದುದು ಮಂಚದ ಮೇಲಿನ ಅಕ್ಕ ಮಾತ್ರ. ತನ್ನ ಮನೆ ಅವಳಿಗೆ ಹಿಡಿಸಿಲ್ಲ, ಅದಕ್ಕೇ ಈ ಬಿಗುಮಾನ ಎಂದು ಒಳಗೊಳಗೇ ಕುದಿದ. ಮೂರನೆಯ ವಾರ ತಡೆಯಲಾಗಲಿಲ್ಲ.

“ಡಾಕ್ಟರು ನಡೀಬೇಕು ಅಂದಿದಾರೆ, ನೀನು ನೋಡಿದ್ರೆ ಮಂಚ ಬಿಟ್ಟು ಇಳಿಯಲ್ಲ. ಎಲ್ಲಾ ಕೂತಲ್ಲಿಗೇ ಬರಬೇಕು ಅಂದ್ರೆ ಹೇಗಕ್ಕ? ಇವಳೂ ಮನುಷ್ಯಳೇ ಅಲ್ವಾ?”

ಎಲುಬಿಲ್ಲದ ನಾಲಿಗೆ. ತುತ್ತು ಮಾಡಿ ಬಾಯಿಗಿಟ್ಟವಳಿಗೆ ಹೇಳುವ ಮಾತೇ ಅದು? ಅಕ್ಕ ಸೆರಗಿನ ತುದಿ ನೋಡುತ್ತ, “ಹೌದಪ್ಪ, ತಪ್ಪು ನಂದೇ,” ಎಂದಳು. ಮರುದಿನ ತನಗೂ ಅವನಿಗೂ ನಡುವಿನ ತಂಗಿಗೆ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗು ಎಂದುಬಿಟ್ಟಳು.

ಭಾನುವಾರ ತಂಗಿ ಕಾರು ತಂದಳು. ಮೇಸ್ತ್ರಿ ಅಕ್ಕನ ಚೀಲ ಹಿಡಿದು, ಮುಖ ಊದಿಸಿಕೊಂಡು ಹಾಲ್‌ನಲ್ಲಿ ನಿಂತಿದ್ದ. ಅಕ್ಕ ವಾಕರ್ ತಳ್ಳಿಕೊಂಡು ಕೋಣೆಯ ಬಾಗಿಲಿಗೆ ಬಂದಳು. ಚಕ್ರಗಳು ಟೈಲ್ಸಿನ ಅಂಚಿಗೆ ಟಕ್ಕೆಂದು ಬಡಿದು ನಿಂತವು. ಹಿಂದಕ್ಕೆ ಎಳೆದು ಮತ್ತೆ ತಳ್ಳಿದಳು. ಮತ್ತೆ ಟಕ್.

ಮೇಸ್ತ್ರಿಯ ಕಣ್ಣು ನೆಲಕ್ಕೆ ಇಳಿಯಿತು. ಬಿಳಿ ಟೈಲ್ಸಿನ ಅಂಚಿನ ತುಂಬ ರಬ್ಬರಿನ ಕಪ್ಪು ಗೀರುಗಳು. ಒಂದೆರಡಲ್ಲ, ಒಂದರ ಮೇಲೊಂದು ಕೂತು ಮಸಿ ಬಳಿದಂತಾಗಿತ್ತು. ಎರಡು ಕಡೆ ಚಕ್ಕೆಯೂ ಎದ್ದಿತ್ತು. ಅದು ಒಂದು ದಿನದಲ್ಲಿ ಆಗುವಂಥದ್ದಲ್ಲ. ಅವನು ಕೆಲಸಕ್ಕೆ ಹೋಗಿ, ಹೆಂಡತಿ ಅಡುಗೆಮನೆ ಸೇರಿದ ಮೇಲೆ ಅವಳು ದಿನವೂ ಈ ಬಾಗಿಲ ತನಕ ಬಂದಿದ್ದಳು, ಬಡಿದು ಬಡಿದು ಸೋತು ಮಂಚಕ್ಕೆ ಮರಳಿದ್ದಳು.

“ಅಕ್ಕಾ… ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲೋ? ನನ್ನ ತಮ್ಮನಂಥ ಕೆಲಸಗಾರ ಇಲ್ಲ ಅಂತ ಕಂಡೋರಿಗೆಲ್ಲ ಹೇಳ್ಕೊಂಡು ಬಂದವಳು ನಾನು. ನಿನ್ನ ನೆಲದಲ್ಲಿ ನಾನೇ ತಪ್ಪು ಹುಡುಕ್ಲಾ? ನನ್ನ ಕಾಲೇ ಸರಿಯಿಲ್ಲ ಅನ್ಕೊಂಡೆ.”

“ಅರ್ಧ ಗಂಟೆ ಕೂತ್ಕೋ ಅಕ್ಕ. ಪಟ್ಟಿ ಹಾಕ್ಬಿಡ್ತೀನಿ. ನನ್ನ ಬ್ಯಾಗಲ್ಲೇ ಇದೆ.”

“ಕಾರು ಕಾಯ್ತಿದೆ ಕಣೋ. ಕೈ ಕೊಡು.”

ಅವನು ಕೈ ಕೊಟ್ಟ. ತಂಗಿ ವಾಕರನ್ನು ಎತ್ತಿ ಆಚೆ ಇಟ್ಟಳು. ಅಕ್ಕ ಮೂರು ವಾರಗಳ ಮೇಲೆ ಹಾಲ್‌ಗೆ ಕಾಲಿಟ್ಟಳು, ಹಾಗೇ ದಾಟಿ ಕಾರು ಹತ್ತಿದಳು.

ಮಧ್ಯಾಹ್ನ ಅವನು, ಯಾರದೋ ಮನೆಗೆಂದು ತಂದಿದ್ದ ಅಂಗಡಿಯ ಅಲ್ಯುಮಿನಿಯಂ ಇಳಿಜಾರು ಪಟ್ಟಿಯನ್ನು ಅಳತೆಗೆ ಕತ್ತರಿಸಿ, ತೂತು ಕೊರೆದು, ಸ್ಕ್ರೂ ಬಿಗಿದ. ಇಪ್ಪತ್ತು ನಿಮಿಷದ ಕೆಲಸ. ಕಣ್ಣು ಮುಚ್ಚಿ ಬರಿಗಾಲಲ್ಲಿ ದಾಟಿ ನೋಡಿದ. ಕಾಲಿಗೆ ಏನೂ ತಿಳಿಯಲಿಲ್ಲ. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿ ಅಲ್ಲೇ ಕುಸಿದು ಕೂತು ಅತ್ತ.

ವಾರದ ಮೇಲೆ, ವಾಪಸ್ ಬಂದುಬಿಡು ಎಂದು ಕೇಳಲೇಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಅಕ್ಕನಿಗೆ ಫೋನ್ ಹಚ್ಚಿದ. ಅವನು ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು.

“ಈಗ ತಾನೇ ಅಡುಗೆಮನೆಯಿಂದ ಬಂದೆ ಕಣೋ. ಇವತ್ತು ಒಗ್ಗರಣೆ ನಂದೇ! ಇಲ್ಲಿ ಮನೆಯೆಲ್ಲ ಒಂದೇ ಸಿಮೆಂಟ್ ನೆಲ. ಬಿರುಕು ಬಿಟ್ಟಿದೆ, ನಿನ್ನ ಕಣ್ಣಿಗೆ ಬಿದ್ರೆ ಬೈತೀಯ. ಆದ್ರೆ ಎಲ್ಲಿಗೆ ಬೇಕೋ ಅಲ್ಲಿಗೆ ನಾನೇ ಹೋಗ್ತೀನಿ.”

ಅವಳ ದನಿಯಲ್ಲಿ ಅಷ್ಟು ಗೆಲುವು ಕೇಳಿ ಎಷ್ಟು ವರ್ಷವಾಗಿತ್ತೋ.

“ಏನೋ ಹೇಳೋಕೆ ಫೋನ್ ಮಾಡಿದ್ಯಲ್ಲ, ಏನು?” ಅಕ್ಕ ಕೇಳಿದಳು.

“ಏನಿಲ್ಲಕ್ಕ. ಊಟ ಆಯ್ತಾ ಅಂತ ಕೇಳೋಣ ಅಂತ.”